ಬೆಟ್ಟದ ತುಡುವೆ, ಬಯಲಿನ ತುಡುವೆ: ಮೊಟ್ಟೆ ಅದಲುಬದಲು ಮಾಡಿ ನೋಡಿದ್ದು

ಭಾಗಮಂಡಲ ಕಡೆಯ ಬೆಟ್ಟದ ತುಡುವೆ ಜೇನು ಕಪ್ಪು, ಕುಶಾಲನಗರ ಕಡೆಯ ಬಯಲಿನದು ಹಳದಿ. ಕೊಡಗಿನಲ್ಲಿ ಜೇನು ಸಾಕುವವರ ಬಾಯಲ್ಲಿ ಇದು ಮಾಮೂಲಿ ಮಾತು. "ಬೆಟ್ಟದ ಹುಳ ಜಾತಿನೇ ಬೇರೆ ಕಣೋ" ಅಂತ ನಮ್ಮ ಮಾವ ಯಾವಾಗಲೂ ಹೇಳುತ್ತಿದ್ದರು. ನನಗೆ ಅನುಮಾನ. ಜೇನಿನ ಮರಿ ತಂಪಿನಲ್ಲಿ ಬೆಳೆದರೆ ಮೈ ಕಪ್ಪಾಗುತ್ತದೆ. ಹಾಗಾದರೆ ಈ ಬಣ್ಣ ತಾಯಿಯಿಂದ ಬಂದದ್ದಾ, ಚಳಿಯಿಂದ ಬಂದದ್ದಾ?

ಈ ಪ್ರಶ್ನೆ ತಲೆಗೆ ಹತ್ತಿದ್ದು ಜೇನಿನ ನೆಂಟ, ಮೈತುಂಬ ಕೂದಲಿನ ದಪ್ಪ ಹುಳ ಬಂಬಲ್‌ಬೀಗಳ ಬಗ್ಗೆ ಓದಿದ ಮೇಲೆ. ನಮ್ಮ ತೊಲೆ ಕೊರೆಯುವ ದಪ್ಪ ಕರಿ ದುಂಬಿ ಬಂಬಲ್‌ಬೀ ಅಲ್ಲ. ನಮ್ಮ ದೇಶದಲ್ಲಿ ಬಂಬಲ್‌ಬೀ ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು. ಹಾರುವ ಮೊದಲು ರೆಕ್ಕೆ ಆಡಿಸದೆ ಸ್ನಾಯು ಮಾತ್ರ ನಡುಗಿಸಿ, ಎದೆಯನ್ನು ಸುಮಾರು 30 ಡಿಗ್ರಿಗೆ ಬಿಸಿ ಮಾಡಿಕೊಳ್ಳುವ ಹುಳ ಅದು. ಚಳಿಗೆ ಹೆದರುವುದಿಲ್ಲ, ಸೆಕೆಗೆ ಸೋಲುತ್ತದೆ. ಹಿಮಯುಗದಲ್ಲಿ ಇಂಥ ಹುಳ ತಗ್ಗಿಗೂ ಇಳಿದು ಹರಡಿಕೊಂಡಿತ್ತು. ಭೂಮಿ ಬಿಸಿಯಾದಂತೆ ಮೇಲೆ ಮೇಲೆ ಹೋಗಿ, ಒಂದೊಂದು ಶಿಖರದಲ್ಲಿ ಒಂದೊಂದು ಗುಂಪು ಉಳಿಯಿತು. ನಡುವಿನ ಬಿಸಿ ಕಣಿವೆಯೇ ಗೋಡೆ. ಗೋಡೆಯ ಎರಡು ಕಡೆ ಮದುವೆ ಸಂಬಂಧ ನಿಂತುಹೋದರೆ, ತಲೆಮಾರು ಕಳೆದಂತೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ನಮ್ಮ ಬ್ರಹ್ಮಗಿರಿಯ ಶೋಲಾ, ಅಂದರೆ ಬೆಟ್ಟದ ಮೇಲಿನ ಕಾಡಿನ, ಹಕ್ಕಿಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಸರಿ, ನಾನು ಮಾಡಿದ್ದು ಹೇಳುತ್ತೇನೆ. ಮೇಲಿನ ತೋಟದ ಪೆಟ್ಟಿಗೆಯಿಂದ ಹೊಸದಾಗಿ ಮೊಟ್ಟೆ ಇಟ್ಟ ಎರಿಯನ್ನು, ಅಂದರೆ ಮೇಣದ ಹಲ್ಲೆಯನ್ನು, ಚೌಕಟ್ಟಿನ ಸಮೇತ ತೆಗೆದೆ. ಒದ್ದೆ ಬಟ್ಟೆ ಸುತ್ತಿ ಜೀಪಿನಲ್ಲಿ ಕೆಳಗೆ ತಂದು, ಕುಶಾಲನಗರದ ನೆಂಟರ ಮನೆಯ ಪೆಟ್ಟಿಗೆಗೆ ಕೊಟ್ಟೆ. ಅಲ್ಲಿನ ಮೊಟ್ಟೆ ಮೇಲಕ್ಕೆ ಹೋಯಿತು. ಎರಡೂ ಕಡೆ ಮಾಡಲೇಬೇಕು. ಒಂದೇ ಕಡೆ ಮಾಡಿದರೆ ಅರ್ಧ ಉತ್ತರ ಅಷ್ಟೇ. ಕಾಫಿ ಹೂ ಮುಗಿದು, ಪೆಟ್ಟಿಗೆಯ ಜೇನು ಕುಟುಂಬ ಗಟ್ಟಿ ಇರುವಾಗಲೇ ಕೈ ಹಾಕಿ. ಬಡಕಲು ಕುಟುಂಬಕ್ಕೆ ತೊಂದರೆ ಕೊಟ್ಟರೆ ತುಡುವೆ ಪೆಟ್ಟಿಗೆ ಬಿಟ್ಟೇ ಹೊರಟುಹೋಗುತ್ತದೆ, ಗೊತ್ತಲ್ವಾ.

ಮೊಟ್ಟೆಯಿಂದ ಹುಳ ಹೊರಬರಲು ಮೂರು ವಾರ ಕೂಡ ಬೇಡ. ಅದಕ್ಕೆ ಮೊದಲೇ ಆ ಎರಿಗೆ ಸಣ್ಣ ಕಣ್ಣಿನ ಬಲೆಯ ಗೂಡು ಹಾಕಿದೆ. ಇಲ್ಲದಿದ್ದರೆ ಯಾರ ಮಕ್ಕಳು ಯಾರು ಅಂತ ಗೊತ್ತಾಗುವುದಿಲ್ಲ. ಮುಚ್ಚಳ ಕಚ್ಚಿ ಹೊರಬಂದ ಹುಳದ ಮೈ ಮೆತ್ತಗೆ, ಬೂದು ಬಣ್ಣ, ಕೂದಲೆಲ್ಲ ಅಂಟಿಕೊಂಡಿರುತ್ತದೆ. ಆಗ ಬಣ್ಣ ನೋಡಿ ಏನೂ ಪ್ರಯೋಜನ ಇಲ್ಲ. ಬೆನ್ನ ಮೇಲೆ ಪೇಂಟ್ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು ಬಿಟ್ಟುಬಿಡುತ್ತಿದ್ದೆ. ಕೆಲವು ದಿನ ಬಿಟ್ಟು ಚುಕ್ಕಿ ಹುಳಗಳನ್ನು ಹಿಡಿದು ನೆರಳಿನಲ್ಲಿ ಫೋಟೋ. ಪ್ರತಿ ಫೋಟೋದಲ್ಲೂ ಅದೇ ಬಿಳಿ ಕಾರ್ಡು ಪಕ್ಕದಲ್ಲಿರಬೇಕು. ಮೊಬೈಲ್ ತನ್ನಿಷ್ಟಕ್ಕೆ ಬಣ್ಣ ತಿದ್ದುತ್ತದೆ, ಅದನ್ನು ನಂಬಬಾರದು.

ಕೆಳಗೆ ಬೆಳೆದ ಬೆಟ್ಟದ ಹುಳಗಳ ಹೊಟ್ಟೆಯ ಪಟ್ಟೆ ಸ್ವಲ್ಪ ಹಳದಿಗೆ ತಿರುಗಿತ್ತು. ಆದರೂ ಆ ಪೆಟ್ಟಿಗೆಯ ಸ್ವಂತ ಮಕ್ಕಳಿಗಿಂತ ಕಪ್ಪೇ. ಮೇಲೆ ಹೋದ ಬಯಲಿನವು ಒಂದಿಷ್ಟು ಕಪ್ಪಾದವು, ಬೆಟ್ಟದವುಗಳಷ್ಟು ಆಗಲಿಲ್ಲ. ಅಂದರೆ ಮಾವನ ಮಾತಿನಲ್ಲೂ ಹುರುಳಿದೆ, ನನ್ನ ಅನುಮಾನದಲ್ಲೂ.

ಹಾಗಂತ ಜಾತಿ ಬೇರೆ ಅಂತ ಇದರಿಂದ ಹೇಳಲು ಬರುವುದಿಲ್ಲ. 2022ರಲ್ಲಿ ಕೇರಳದ ಸಂಶೋಧಕರು ಪಶ್ಚಿಮ ಘಟ್ಟದ ಕರಿ ಜೇನಿಗೆ ಏಪಿಸ್ ಕರಿಂಜೋಡಿಯನ್ ಎಂದು ಬೇರೆ ಹೆಸರನ್ನೇ ಕೊಟ್ಟರು. ಒಪ್ಪದವರೂ ಇದ್ದಾರೆ. ಇನ್ನೊಂದು ಕಡೆ ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಬಾಂಬಸ್ ಸಿಲ್ವಿಕೋಲ ಅಂತ ಒಂದೇ ಅಂದುಕೊಂಡಿದ್ದ ಬಂಬಲ್‌ಬೀ, ಡಿಎನ್‌ಎ ಓದಿದಾಗ ಎರಡು ಜಾತಿ ಅಂತ ತಿಳಿಯಿತು. ಕಣ್ಣಿಗೆ ಎರಡೂ ಒಂದೇ ಥರ. ಹೊಸದಕ್ಕೆ 2021ರಲ್ಲಿ ಇನ್‌ಕಾಗ್ನಿಟಸ್ ಎಂದು ಹೆಸರಿಟ್ಟರು. ಅದೇ ಬೆಟ್ಟಗಳಲ್ಲಿ ಎರಡು ಜಾತಿಯ ಬಂಬಲ್‌ಬೀಗಳ ನಾಲಿಗೆ 40 ವರ್ಷಗಳಲ್ಲಿ ಸುಮಾರು ಕಾಲು ಭಾಗ ಗಿಡ್ಡ ಆಗಿದೆ. ಬೇಸಿಗೆ ಬಿಸಿಯಾಗಿ ಹೂವು ಕಡಿಮೆಯಾದಾಗ, ಸಿಕ್ಕಿದ ಹೂವಿನಲ್ಲಿ ಕುಡಿಯಬಲ್ಲ ಗಿಡ್ಡ ನಾಲಿಗೆಯವೇ ಗೆದ್ದವು. ಬಣ್ಣ ನೋಡುತ್ತಾ ಕೂತವರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ.

ತುಡುವೆಗೆ ಬಂಬಲ್‌ಬೀಯಂಥ ಗೋಡೆ ಇಲ್ಲ. ತಲಕಾವೇರಿಯಿಂದ ಕುಶಾಲನಗರದವರೆಗೂ ಅದು ಬದುಕುತ್ತದೆ, ನಡುವೆ ಪೂರ್ತಿ ಕಾಫಿ ತೋಟ. ರಾಣಿ ಒಂದೇ ಗಂಡಿಗೆ ನಿಲ್ಲುವುದೂ ಇಲ್ಲ, ಹತ್ತಕ್ಕಿಂತ ಜಾಸ್ತಿ ಗಂಡುಗಳ ಜೊತೆ ಕೂಡುತ್ತದೆ. ಇಷ್ಟಾದರೂ ವ್ಯತ್ಯಾಸ ಉಳಿದಿದೆ ಅನ್ನುವುದೇ ನನಗೆ ಆಶ್ಚರ್ಯ. ಅದನ್ನು ಅಳಿಸುತ್ತಿರುವವರು ನಾವೇ. ಎಲ್ಲಿಂದಲೋ ಲಾರಿಯಲ್ಲಿ ಪೆಟ್ಟಿಗೆ ತರಿಸಿ ಬೆಟ್ಟದ ತೋಟದಲ್ಲಿ ಇಡುತ್ತೇವೆ.

ನಾನು ಹೊರಗಿನ ಕುಟುಂಬ ಕೊಳ್ಳುವುದು ನಿಲ್ಲಿಸಿದ್ದೇನೆ. ಅದಕ್ಕೂ ಒಂದು ತೊಡಕಿದೆ. ಒಂದೇ ಒಳ್ಳೆಯ ರಾಣಿಯ ಸಂತಾನವನ್ನೇ ಮೇಲಿನ ತೋಟದಲ್ಲಿ ಬೆಳೆಸುತ್ತಾ ಹೋದರೆ ರಕ್ತಸಂಬಂಧ ಹತ್ತಿರವಾಗುತ್ತದೆ. ಆಗ ಕೆಲಸದ ಹುಳ ಆಗಬೇಕಾದ ಕೆಲವು ಮೊಟ್ಟೆಗಳು ಗಂಡಾಗುತ್ತವೆ. ತುಡುವೆ ಅಂಥ ಮರಿಯನ್ನು ತಿಂದುಹಾಕುತ್ತದೆ, ಎರಿಯಲ್ಲಿ ಅಲ್ಲಲ್ಲಿ ಖಾಲಿ ಕಣ್ಣು ಉಳಿಯುತ್ತವೆ. ಬಂಬಲ್‌ಬೀಗಳು ಅವನ್ನೂ ಸಾಕಿ ದೊಡ್ಡದು ಮಾಡುತ್ತವೆ. ಶಿಖರದಲ್ಲಿ ಸಿಕ್ಕಿಕೊಂಡ ಸಣ್ಣ ಗುಂಪಿಗೆ ಅದು ಭಾರೀ ನಷ್ಟ. ಅದಕ್ಕೆ ಈಗ ಬೇರೆ ಬೇರೆ ಕಾಡಿನ ಪೊಟರೆಗಳಿಂದ ಹಿಡಿದ ಕುಟುಂಬಗಳನ್ನೇ ಇಡುತ್ತಿದ್ದೇನೆ, ಎಲ್ಲವೂ ಮಡಿಕೇರಿಗಿಂತ ಎತ್ತರದವು. ಮಾವನ ತೋಟದ್ದೂ ಒಂದಿದೆ.