ಹಾಸ್ಟೆಲ್ ವೈಫೈಗೆ ರೇಡಿಯಸ್ ಸರ್ವರ್ ಹಾಕಿದ್ದು: ನನ್ನ ಅನುಭವ

ನಾನು ಕೆಲಸ ಮಾಡುವ ಕಾಲೇಜಿನ ಹಾಸ್ಟೆಲ್‌ನಲ್ಲಿ, ಮೆಸ್ ಬಾಗಿಲ ಪಕ್ಕದ ಗೋಡೆ ಮೇಲೆ ವೈಫೈ ಪಾಸ್‌ವರ್ಡ್ ಪೆನ್ಸಿಲ್‌ನಲ್ಲಿ ಬರೆದಿರುತ್ತಿತ್ತು. ನಾವು ಬದಲಾಯಿಸಿದ ಎರಡೇ ದಿನಕ್ಕೆ ಹಳೆಯದನ್ನು ಹೊಡೆದುಹಾಕಿ ಕೆಳಗೆ ಹೊಸದು ಬರೆದಾಗಿರುತ್ತಿತ್ತು. ಪಕ್ಕದ ಪಿಜಿಯವರಿಗೂ ಗೊತ್ತು, ಪಾಸಾಗಿ ಹೋದ ಹುಡುಗರಿಗೂ ಗೊತ್ತು. ಇದನ್ನು ನಾವು ವರ್ಷಗಟ್ಟಲೆ ಸಹಿಸಿಕೊಂಡಿದ್ದೆವು.

ಒಂದು ದಿನ ನಮ್ಮ ನೆಟ್‌ನಿಂದ ಯಾರೋ ಒಬ್ಬ ಹುಡುಗಿಗೆ ಕೆಟ್ಟ ಮೆಸೇಜ್ ಕಳಿಸಿದ್ದಾರೆ ಎಂದು ದೂರು ಬಂತು. ಯಾರು ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆರುನೂರು ಹುಡುಗರು, ಎಲ್ಲರಿಗೂ ಒಂದೇ ಕೀಲಿ. ಆ ಹುಡುಗಿಯ ತಂದೆ ನನ್ನ ಮೇಜಿನ ಎದುರು ಸುಮ್ನೆ ಕೂತಿದ್ದರು. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಒಬ್ಬೊಬ್ಬರಿಗೆ ಒಂದೊಂದು ಕೀಲಿ ಎಂದು.

ಇದಕ್ಕೆ ದಾರಿ ಹಳೆಯದೇ. ರೇಡಿಯಸ್ ಎಂಬ ಪದ್ಧತಿಯನ್ನು 1991ರಲ್ಲಿ ಲಿವಿಂಗ್‌ಸ್ಟನ್ ಎಂಬ ಕಂಪನಿ ಮಾಡಿದ್ದು, ಫೋನ್ ಲೈನಿನಲ್ಲಿ ಇಂಟರ್‌ನೆಟ್ ಸೇರುತ್ತಿದ್ದ ಡಯಲ್‌ಅಪ್ ಕಾಲಕ್ಕೆ. ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಡಬ್ಬಿ, ಗೇಟಿನಲ್ಲಿ ನಿಂತ ಕಾವಲುಗಾರನಿದ್ದ ಹಾಗೆ. ಯಾರನ್ನು ಬಿಡಬೇಕು ಎಂದು ಅವನೇ ತೀರ್ಮಾನ ಮಾಡುವುದಿಲ್ಲ. ಒಳಗಿನ ಆಫೀಸಿಗೆ ಕೇಳುತ್ತಾನೆ. ಆಫೀಸು ಬಿಡು ಎಂದರೆ ಬಿಡುತ್ತಾನೆ, ಬೇಡ ಎಂದರೆ ಇಲ್ಲ. ಆ ಆಫೀಸೇ ರೇಡಿಯಸ್ ಸರ್ವರ್. ವೈಫೈ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಎಂಟರ್‌ಪ್ರೈಸ್ ಎಂದು ಕಾಣುತ್ತದಲ್ವಾ, ಅದರ ಹಿಂದೆ ನಡೆಯುವುದು ಇದೇ.

ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಫ್ರೀರೇಡಿಯಸ್ ಎಂಬ ರೇಡಿಯಸ್ ಸರ್ವರ್ ತಂತ್ರಾಂಶ ಇನ್‌ಸ್ಟಾಲ್ ಮಾಡಿದೆ. ಇದು ಉಚಿತ. ಸಾಧಾರಣ ಯಂತ್ರದಲ್ಲೂ ಆರುನೂರು ಜನಕ್ಕೆ ಧಾರಾಳ ಸಾಕು. ಆಕ್ಸೆಸ್ ಪಾಯಿಂಟ್‌ಗಳು 38 ಇದ್ದವು. ಪ್ರತಿಯೊಂದರ ವಿಳಾಸ ಮತ್ತು ಒಂದು ಗುಟ್ಟಿನ ಪದವನ್ನು ಸರ್ವರಿನ ಕ್ಲೈಂಟ್ಸ್ ಫೈಲಿನಲ್ಲಿ, ಅಂದರೆ ಸರ್ವರನ್ನು ಕೇಳಬಹುದಾದ ಉಪಕರಣಗಳ ಪಟ್ಟಿಯಲ್ಲಿ, ಬರೆಯಬೇಕು. ಇದನ್ನು ಶೇರ್ಡ್ ಸೀಕ್ರೆಟ್ ಅನ್ನುತ್ತಾರೆ. ಅದೇ ಪದವನ್ನು ಆಕ್ಸೆಸ್ ಪಾಯಿಂಟಿನಲ್ಲೂ ಹಾಕಬೇಕು. ಸರ್ವರ್ ಕೋರಿಕೆ ಕೇಳಿಸಿಕೊಳ್ಳುವ ಬಾಗಿಲ ಸಂಖ್ಯೆಗೆ ಪೋರ್ಟ್ ಅನ್ನುತ್ತಾರೆ. ಪೋರ್ಟ್ 1812 ಲಾಗಿನ್‌ಗೆ, 1813 ಯಾರು ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಇಡುವುದಕ್ಕೆ. ತುಂಬ ಹಳೆಯ ಉಪಕರಣಗಳು 1645, 1646 ಬಳಸುತ್ತವೆ. ನಮ್ಮ ಹತ್ತಿರ ಅಂಥವು ಎರಡಿದ್ದವು, ಅರ್ಧ ದಿನ ತಿಂದವು.

ಶುರು ಮಾಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಸರ್ವೀಸನ್ನು ನಿಲ್ಲಿಸಿ, ಫ್ರೀರೇಡಿಯಸ್ಸನ್ನು ದೊಡ್ಡಕ್ಷರದ ಎಕ್ಸ್ ಆಯ್ಕೆ (-X) ಕೊಟ್ಟು ಕೈಯಿಂದಲೇ ಓಡಿಸಿ. ಆಗ ಒಳಗೆ ನಡೆಯುವುದೆಲ್ಲ ಪರದೆ ಮೇಲೆ ಹರಿಯುತ್ತದೆ. ಮೊದಲ ನೋಟಕ್ಕೆ ಗಾಬರಿ ಆಗುತ್ತದೆ, ನಿಜ. ಆದರೆ ತಾಳ್ಮೆಯಿಂದ ಓದಿದರೆ ಉತ್ತರ ಅಲ್ಲೇ ಇರುತ್ತದೆ. ಪರಿಚಯವಿಲ್ಲದ ಕ್ಲೈಂಟ್ ಎಂದು ಬಂದರೆ ಆಕ್ಸೆಸ್ ಪಾಯಿಂಟಿನ ವಿಳಾಸ ಬದಲಾಗಿದೆ. ಶೇರ್ಡ್ ಸೀಕ್ರೆಟ್ ತಪ್ಪು ಎಂದು ಬಂದರೆ ಎಲ್ಲೋ ಒಂದು ಅಕ್ಷರ ಹೆಚ್ಚುಕಡಿಮೆ ಆಗಿದೆ. ಏನೂ ಬರದಿದ್ದರೆ ಕೋರಿಕೆ ಸರ್ವರಿಗೆ ತಲುಪಿಯೇ ಇಲ್ಲ, ಬೇಡದ ಸಂಚಾರವನ್ನು ತಡೆಯುವ ಫೈರ್‌ವಾಲ್ ನೋಡಿ. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಕಡೆ ಒಟ್ಟಿಗೆ ಕೈಹಾಕಿದರೆ ಯಾವುದರಿಂದ ಕೆಟ್ಟಿತು ಎಂದು ಗೊತ್ತೇ ಆಗುವುದಿಲ್ಲ.

ಹುಡುಗರ ಪಾಸ್‌ವರ್ಡ್ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಕಾಲೇಜಿನ ಪೋರ್ಟಲ್‌ನಲ್ಲಿ ಎಲ್ಲರಿಗೂ ಪಾಸ್‌ವರ್ಡ್ ಇತ್ತು. ಅದನ್ನೇ ಬಳಸೋಣ ಎಂದು ಎಲ್ಲರೂ ಹೇಳಿದರು. ಆದರೆ ಅಲ್ಲಿ ಪಾಸ್‌ವರ್ಡ್ ಸಾಲ್ಟ್ ಸೇರಿಸಿದ ಹ್ಯಾಶ್ ರೂಪದಲ್ಲಿತ್ತು, ಅಂದರೆ ಮೂಲ ಪದ ವಾಪಸ್ ಸಿಗದ ಹಾಗೆ ಕಲಸಿಟ್ಟಿತ್ತು. ಫೋನುಗಳಲ್ಲಿ ಸುಲಭವಾಗಿ ನಡೆಯುವ ಪೀಪ್ ಎಂಬ ಲಾಗಿನ್ ವಿಧಾನಕ್ಕೆ ಅದು ಒಗ್ಗುವುದಿಲ್ಲ. ಪೀಪ್ ಒಳಗೆ ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್‌ಚಾಪ್‌ಗೆ ಮೂಲ ಪಾಸ್‌ವರ್ಡ್ ಬೇಕು, ಇಲ್ಲವೇ ಅದರ ಎನ್‌ಟಿ ಹ್ಯಾಶ್, ಅಂದರೆ ವಿಂಡೋಸ್ ಬಳಸುವ ಬಗೆಯ ಹ್ಯಾಶ್ ಬೇಕು. ಟಿಟಿಎಲ್‌ಎಸ್ ಎಂಬ ಇನ್ನೊಂದು ವಿಧಾನದಲ್ಲಿ ಪಾಸ್‌ವರ್ಡನ್ನು ಇದ್ದ ಹಾಗೆಯೇ ಸರ್ವರಿಗೆ ಒಪ್ಪಿಸುವ ಪ್ಯಾಪ್ ಇಟ್ಟುಕೊಂಡರೆ ಯಾವ ಹ್ಯಾಶ್ ಆದರೂ ನಡೆಯುತ್ತದೆ. ಆದರೆ ಐಫೋನ್‌ಗೆ ಅದಕ್ಕಾಗಿ ಸೆಟ್ಟಿಂಗ್ ತುಂಬಿದ ಪ್ರೊಫೈಲ್ ಫೈಲ್ ಹಾಕಿಕೊಡಬೇಕು.

ನಾನು ಬೇರೆ ದಾರಿ ಹಿಡಿದೆ. ವೈಫೈಗೆ ಮಾತ್ರ ಒಂದು ಪ್ರತ್ಯೇಕ ಪಾಸ್‌ವರ್ಡ್, ಅದನ್ನೂ ಕಂಪ್ಯೂಟರೇ ಹುಟ್ಟಿಸಿ ಕೊಡುವುದು. ಹುಡುಗ ಪೋರ್ಟಲ್‌ಗೆ ಹೋಗಿ ನೋಡಿಕೊಳ್ಳುತ್ತಾನೆ. ಎಂಎಸ್‌ಚಾಪ್‌ನ ಎರಡನೇ ಆವೃತ್ತಿಯನ್ನು ಮುರಿಯಬಹುದು ಎಂದು 2012ರಲ್ಲೇ ತೋರಿಸಿದ್ದಾರೆ. ಹಾಗಿರುವಾಗ ಒಬ್ಬನ ಅಂಕಪಟ್ಟಿ, ಫೀಸು ಎಲ್ಲ ಇರುವ ಖಾತೆಯ ಪಾಸ್‌ವರ್ಡನ್ನು ಗಾಳಿಯಲ್ಲಿ ತೇಲಿಬಿಡಲು ನನಗೆ ಮನಸ್ಸು ಬರಲಿಲ್ಲ. ಕಳೆದರೆ ವೈಫೈ ಒಂದೇ ಕಳೆಯಲಿ. ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಇಎಪಿ-ಟಿಎಲ್‌ಎಸ್ ಎಂಬ ವಿಧಾನ ಮಾಡಿದೆ. ಅದರಲ್ಲಿ ಪಾಸ್‌ವರ್ಡೇ ಇಲ್ಲ, ಎರಡೂ ಕಡೆ ಸರ್ಟಿಫಿಕೇಟ್, ಅಂದರೆ ಗುರುತುಪತ್ರದಂಥ ಒಂದು ಡಿಜಿಟಲ್ ಫೈಲ್. ಸಾಧ್ಯವಿದ್ದರೆ ಎಲ್ಲರಿಗೂ ಅದನ್ನೇ ಮಾಡುತ್ತಿದ್ದೆ.

ಜಾಸ್ತಿ ಸಮಯ ಹಿಡಿದದ್ದು ಸರ್ವರ್ ಅಲ್ಲ, ಸರ್ಟಿಫಿಕೇಟ್. ಸುರಕ್ಷತೆಯ ಜೀವ ಇರುವುದೂ ಅಲ್ಲೇ ಎಂದು ನಾನು ನಂಬಿದ್ದೇನೆ. ಸರ್ವರ್ ಹುಡುಗನನ್ನು ನೀನು ಯಾರು ಎಂದು ಕೇಳುವ ಮೊದಲು, ಹುಡುಗನ ಫೋನು ಸರ್ವರನ್ನು ನೀನು ಯಾರು ಎಂದು ಕೇಳಬೇಕು. ಕೇಳದಿದ್ದರೆ ಏನಾಗುತ್ತದೆ? ಯಾರೋ ಒಬ್ಬ ಒಂದು ಡಬ್ಬಿ ತಂದು, ನಮ್ಮದೇ ವೈಫೈ ಹೆಸರಿಟ್ಟು, ಕಾಂಪೌಂಡಿನ ಆಚೆ ಕೂತರೆ ಸಾಕು. ಫೋನುಗಳು ಅವನಿಗೂ ಲಾಗಿನ್ ಕಳಿಸುತ್ತವೆ.

ಆ ಹೊತ್ತಿಗೆ ಅಂತಿಮ ವರ್ಷದ ಹುಡುಗನೊಬ್ಬ ಸಹಾಯಕ್ಕೆ ಬರುತ್ತಿದ್ದ. ಆಂಡ್ರಾಯ್ಡ್ ಫೋನ್ ತೋರಿಸಿ, "ಸರ್, ಇಲ್ಲಿ ಸರ್ಟಿಫಿಕೇಟ್ ಪರೀಕ್ಷಿಸಬೇಡ ಅಂತ ಆಯ್ಕೆ ಇದೆ. ಅದನ್ನು ಒತ್ತಿದರೆ ತಕ್ಷಣ ಕನೆಕ್ಟ್ ಆಗತ್ತೆ. ಎಲ್ಲರಿಗೂ ಹಾಗೇ ಹೇಳಿಬಿಡೋಣ್ವಾ?" ಎಂದು ಕೇಳಿದ.

"ಬೇಡಪ್ಪ. ಹಾಗೆ ಮಾಡಿದರೆ ಗೋಡೆ ಮೇಲೆ ಬರೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎಂದೆ.

ಅವನೇ ಸಂಜೆ ಲ್ಯಾಪ್‌ಟಾಪ್‌ನಲ್ಲಿ ಒಂದು ನಕಲಿ ವೈಫೈ ಎಬ್ಬಿಸಿ, ಪರೀಕ್ಷೆ ಆಫ್ ಮಾಡಿದ ತನ್ನದೇ ಫೋನು ಅದಕ್ಕೆ ಹೇಗೆ ಲಾಗಿನ್ ಕಳಿಸುತ್ತದೆ ಎಂದು ನೋಡಿದ. ಆಮೇಲೆ ಆ ಮಾತು ಎತ್ತಲಿಲ್ಲ. 2020ರ ಕೊನೆಯಲ್ಲಿ ಗೂಗಲ್ ಆಂಡ್ರಾಯ್ಡ್ 11ರ ಅಪ್‌ಡೇಟ್‌ನಲ್ಲಿ ಪಿಕ್ಸೆಲ್ ಫೋನುಗಳಿಂದ ಆ ಆಯ್ಕೆಯನ್ನೇ ತೆಗೆಯಿತು. ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ.

ಫ್ರೀರೇಡಿಯಸ್ ಪ್ಯಾಕೇಜ್ ಜೊತೆಗೆ ಬರುವ ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ. ಅದನ್ನೇ ಇಟ್ಟುಕೊಂಡು ಕೂರಬೇಡಿ. ನಾನು ನಮ್ಮದೇ ಒಂದು ರೂಟ್ ಸರ್ಟಿಫಿಕೇಟ್, ಅಂದರೆ ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್, ಹತ್ತು ವರ್ಷಕ್ಕೆ ಮಾಡಿದೆ. ಸಹಿ ಹಾಕಲು ಬೇಕಾದ ಅದರ ಖಾಸಗಿ ಕೀಲಿಯನ್ನು ಸರ್ವರಿನಲ್ಲಿ ಇಡಲಿಲ್ಲ, ಪೆನ್‌ಡ್ರೈವ್‌ಗೆ ಹಾಕಿ ಪ್ರಿನ್ಸಿಪಾಲರ ಬೀರುವಿನಲ್ಲಿ ಇಟ್ಟೆ. ಆ ರೂಟ್‌ನಿಂದ ಸರ್ವರಿಗೆ ಎರಡು ವರ್ಷದ ಸರ್ಟಿಫಿಕೇಟ್ ಕೊಟ್ಟೆ. ಎರಡೇ ವರ್ಷ ಯಾಕೆ ಅಂದರೆ, ಐಒಎಸ್ 13ರಿಂದ ಆಪಲ್ 825 ದಿನದ ಮಿತಿ ಇಟ್ಟಿದೆ. ಫೋನಿನಲ್ಲಿ ಡೊಮೇನ್ ಎಂಬ ಖಾಲಿ ಜಾಗ ಇರುತ್ತದೆ. ಅಲ್ಲಿ ತುಂಬುವ ಹೆಸರೂ ಸರ್ಟಿಫಿಕೇಟ್ ಒಳಗಿನ ಹೆಸರೂ ಹೊಂದಬೇಕು. ಹಾಗಾಗಿ ಮುಂದೆ ಬದಲಾಗದ ಹೆಸರು ಆರಿಸಿ. ಯಂತ್ರದ ಹೆಸರು ಬೇಡ, ಯಂತ್ರ ನಾಳೆ ಬದಲಾಗುತ್ತದೆ.

ಮೊದಲ ವಾರ ಮೆಸ್ ಮುಂದೆ ಒಂದು ಮೇಜು ಹಾಕಿಕೊಂಡು ಕೂತೆವು. ಕನ್ನಡದಲ್ಲಿ ಒಂದು ಪುಟದ ಸೂಚನೆ, ಜೊತೆಗೆ ಕ್ಯೂಆರ್ ಕೋಡ್. ದಿನಕ್ಕೆ ನೂರು ಫೋನ್ ಮುಗಿಯುತ್ತಿದ್ದವು.

ಎಲ್ಲ ಸರಿಯಾಯಿತು ಅಂದುಕೊಂಡಾಗ ಒಂದು ವಿಚಿತ್ರ ಎದುರಾಯಿತು. ಹೊಸ ಬ್ಲಾಕ್‌ನಲ್ಲಿ ಹುಡುಗರ ಫೋನೆಲ್ಲ ಸೇರುತ್ತಿದ್ದವು, ಸಿಬ್ಬಂದಿಯ ಲ್ಯಾಪ್‌ಟಾಪ್ ಮಾತ್ರ ಸೇರುತ್ತಿರಲಿಲ್ಲ. ಅದೇ ಲ್ಯಾಪ್‌ಟಾಪ್ ಹಳೆ ಬ್ಲಾಕ್‌ನಲ್ಲಿ ಸರಿ. ಲಾಗ್‌ನಲ್ಲಿ ಸರ್ವರ್ ಪ್ರಶ್ನೆ ಕಳಿಸಿದ್ದು ಕಾಣುತ್ತದೆ, ಉತ್ತರ ಬರುವುದಿಲ್ಲ, ಅಷ್ಟಕ್ಕೇ ನಿಂತುಹೋಗುತ್ತದೆ. ಎರಡು ರಾತ್ರಿ ಕೂತೆ. ಕೊನೆಗೆ ಎರಡೂ ತುದಿಯಲ್ಲಿ ಪ್ಯಾಕೆಟ್‌ಗಳನ್ನು, ಅಂದರೆ ನೆಟ್‌ವರ್ಕಿನಲ್ಲಿ ಹೋಗುವ ಮಾಹಿತಿಯ ಕಟ್ಟುಗಳನ್ನು, ಹಿಡಿದು ಹೋಲಿಸಿದಾಗ ಗೊತ್ತಾಯಿತು. ಲ್ಯಾಪ್‌ಟಾಪ್ ತನ್ನ ಸರ್ಟಿಫಿಕೇಟ್ ಕಳಿಸುವಾಗ ಪ್ಯಾಕೆಟ್ ನೆಟ್‌ವರ್ಕಿನ ಮಿತಿಯಾದ 1500 ಬೈಟ್ ಮೀರುತ್ತಿತ್ತು. ಮೀರಿದಾಗ ಎರಡು ತುಂಡಾಗುತ್ತದೆ. ಹೊಸ ಬ್ಲಾಕಿನ ದಾರಿಯಲ್ಲಿದ್ದ ಫೈರ್‌ವಾಲ್ ತುಂಡುಗಳನ್ನು ಬಿಸಾಡುತ್ತಿತ್ತು. ಪೀಪ್‌ನಲ್ಲಿ ಫೋನು ಸರ್ಟಿಫಿಕೇಟ್ ಕಳಿಸುವುದಿಲ್ಲ, ಪ್ಯಾಕೆಟ್ ಚಿಕ್ಕದು, ಆದ್ದರಿಂದ ಹುಡುಗರಿಗೆ ತೊಂದರೆ ಇರಲಿಲ್ಲ. ಫೈರ್‌ವಾಲ್‌ನಲ್ಲಿ ಒಂದು ನಿಯಮ ಬದಲಾಯಿಸಿದೆ, ಮುಗಿಯಿತು. ಒಂದು ಕಡೆ ಪೀಪ್ ನಡೆದು ಟಿಎಲ್‌ಎಸ್ ನಿಂತರೆ ಮೊದಲು ಇದನ್ನೇ ನೋಡಿ.

ಯಾರು ಯಾವ ವಿಲ್ಯಾನ್‌ಗೆ, ಅಂದರೆ ನೆಟ್‌ವರ್ಕಿನ ಯಾವ ಪ್ರತ್ಯೇಕ ಭಾಗಕ್ಕೆ, ಹೋಗಬೇಕು ಎಂಬುದನ್ನೂ ಸರ್ವರೇ ಹೇಳಬಲ್ಲದು. ಅನುಮತಿಯ ಜೊತೆ ಮೂರು ಸಾಲು ಕಳಿಸಿದರೆ ಆಯಿತು. ಸಿಬ್ಬಂದಿಗೂ ಹುಡುಗರಿಗೂ ವೈಫೈ ಹೆಸರು ಒಂದೇ, ಒಳಗಿನ ದಾರಿ ಬೇರೆ.

2024ರ ಜುಲೈನಲ್ಲಿ ರೇಡಿಯಸ್ ಸರ್ವರಿನ ಉತ್ತರವನ್ನು ದಾರಿಯಲ್ಲೇ ತಿರುಚಲು ಬಿಡುವ ಬ್ಲಾಸ್ಟ್‌ರೇಡಿಯಸ್ ಎಂಬ ದೋಷ ಹೊರಬಂತು. ವೈಫೈ ಬಳಸುವ ಇಎಪಿಗೆ (ಪೀಪ್, ಟಿಎಲ್‌ಎಸ್ ಎಲ್ಲ ಅದರದೇ ಬಗೆಗಳು) ಅದು ತಟ್ಟಲಿಲ್ಲ, ಏಕೆಂದರೆ ಅದರಲ್ಲಿ ಮೆಸೇಜ್ ಅಥೆಂಟಿಕೇಟರ್ ಎಂಬ ಮುದ್ರೆ ಕಡ್ಡಾಯ. ಆದರೆ ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ನಮ್ಮ ಸ್ವಿಚ್‌ಗಳಿಗೆ ಅಡ್ಮಿನ್ ಲಾಗಿನ್ ಕೂಡ ಇದೇ ಸರ್ವರಿನಿಂದ, ಪ್ಯಾಪ್ ಮೂಲಕ ನಡೆಯುತ್ತಿತ್ತು. ಆ ವಾರವೇ ಸರ್ವರ್ ಅಪ್‌ಡೇಟ್ ಮಾಡಿ, ಎಲ್ಲ ಕ್ಲೈಂಟ್‌ಗಳಿಗೂ ಆ ಮುದ್ರೆ ಕಡ್ಡಾಯ ಮಾಡಿದೆ. ಸ್ವಿಚ್‌ಗಳಲ್ಲಿ ಮೂರು ತುಂಬ ಹಳೆಯವು, ಮುದ್ರೆ ಕಳಿಸುತ್ತಿರಲಿಲ್ಲ. ಅವನ್ನು ರೇಡಿಯಸ್‌ನಿಂದಲೇ ಹೊರಗಿಟ್ಟೆ.

ಈಗ ಯಾರಾದರೂ ಫೋನ್ ಕಳೆದುಕೊಂಡರೆ ಅವರ ಒಂದು ಖಾತೆ ಮುಚ್ಚಿ ಹೊಸ ಪಾಸ್‌ವರ್ಡ್ ಕೊಡುತ್ತೇನೆ. ಉಳಿದವರಿಗೆ ಗೊತ್ತೂ ಆಗುವುದಿಲ್ಲ.

ಹೋದ ರಜೆಯಲ್ಲಿ ಸರ್ವರ್ ಸರ್ಟಿಫಿಕೇಟಿನ ಎರಡು ವರ್ಷ ಮುಗಿಯಲು ಬಂತು. ಬೀರುವಿನಿಂದ ಪೆನ್‌ಡ್ರೈವ್ ತರಿಸಿ, ಅದೇ ರೂಟ್‌ನಿಂದ, ಅದೇ ಹೆಸರಿಗೆ ಹೊಸದು ಮಾಡಿದೆ. ಬೆಳಿಗ್ಗೆ ಆರಕ್ಕೆ ಬದಲಾಯಿಸಿ ಲಾಗ್ ನೋಡುತ್ತ ಕೂತೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮೆಸ್ ಹತ್ತಿರದ ಆಕ್ಸೆಸ್ ಪಾಯಿಂಟಿನಿಂದ ಒಂದು ಕೋರಿಕೆ ಬಂತು. ಅಡುಗೆಯವರ ಫೋನು. ಏನನ್ನೂ ಕೇಳದೆ ಸೇರಿಕೊಂಡಿತು.