ಹಬ್ಬದ ಫೋಟೋದಲ್ಲಿ ನನ್ನ ಮೊಣಕೈ

ಹಳೆಯ ಹಬ್ಬದ ಫೋಟೋ ನೋಡುತ್ತಿದ್ದ ಮಗಳು "ಅಮ್ಮ, ಇದರಲ್ಲಿ ನೀನೆಲ್ಲಿ?" ಎಂದು ಕೇಳಿದಳು. ಇದ್ದದ್ದು 22 ಫೋಟೋ. ಒಂದರಲ್ಲಿ ಮಾತ್ರ ಅಡುಗೆಮನೆ ಬಾಗಿಲ ಹತ್ತಿರ ನನ್ನ ಮೊಣಕೈ ಕಾಣುತ್ತಿತ್ತು.

ಆ ಹಬ್ಬದ ರಾತ್ರಿ ಎಲ್ಲರೂ ಹೊರಟ ಮೇಲೆ ಸಿಂಕ್ ಮುಂದೆ ನಿಂತು ಅತ್ತಿದ್ದೆ. ಯಾರನ್ನೂ ದೂರುವಂತಿರಲಿಲ್ಲ. "ಏನಾದ್ರೂ ಮಾಡ್ಲಾ?" ಎಂದು ಕೇಳಿದವರಿಗೆಲ್ಲ "ಏನಿಲ್ಲ, ನೀವು ಕೂತ್ಕೊಳ್ಳಿ" ಎಂದವಳು ನಾನೇ. ಏನು ಮಾಡಬೇಕೆಂದು ವಿವರಿಸುವುದೇ ಇನ್ನೊಂದು ಕೆಲಸ ಅನ್ನಿಸುತ್ತಿತ್ತು. ಕೆಲಸವೆಲ್ಲ ನನ್ನ ತಲೆಯಲ್ಲಿತ್ತು, ಬೇರೆಯವರಿಗೆ ಅದು ಕಾಣುವುದಾದರೂ ಹೇಗೆ?

ಮುಂದಿನ ಹಬ್ಬಕ್ಕೆ ಹತ್ತು ದಿನ ಇರುವಾಗ ಅದನ್ನೆಲ್ಲ ಕಾಗದಕ್ಕೆ ಇಳಿಸಿದೆ. 47 ಸಾಲಾಯಿತು. ನಮ್ಮೆಜಮಾನರು ಓದಿ, "ಹಬ್ಬಕ್ಕೂ ಪರದೆ ಒಗೆಯೋದಕ್ಕೂ ಏನು ಸಂಬಂಧ?" ಎಂದರು. ಉತ್ತರ ಹೊಳೆಯಲಿಲ್ಲ. ಆಮೇಲೆ ಇಬ್ಬರೂ ಕೂತು ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಹಾಕಿದೆವು: ಇದನ್ನು ಬಿಟ್ಟರೆ ಬೇಜಾರಾಗುವುದು ಯಾರಿಗೆ? ಹೆಸರು ಹೇಳಲಾಗದಿದ್ದರೆ ಆ ಸಾಲು ಹೋಯಿತು. ಹೀಗೆ 18 ಸಾಲು ಕಾಟು ಹೊಡೆದೆವು. ನಿನಗೇನು ಬೇಕು ಎಂದು ಮಗಳನ್ನು ಕೇಳಿದಾಗ, ಮಕ್ಕಳೆಲ್ಲ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಕಿಕೊಂಡು ಮಲಗಬೇಕು ಎಂದಳು. ನನ್ನ 47 ಸಾಲಿನಲ್ಲಿ ಅದು ಇರಲೇ ಇಲ್ಲ!

ಸಮಯದ ಲೆಕ್ಕ ನನಗೆ ಯಾವತ್ತೂ ಕೈಕೊಡುತ್ತದೆ. ಹಿಂದೆ ಎಷ್ಟು ಸಲ ತಡವಾಗಿದ್ದರೂ ಈ ಸಲ ಬೇಗ ಮುಗಿದೀತು ಎಂದು ನಂಬುವ ಈ ಗುಣಕ್ಕೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ 'ಪ್ಲಾನಿಂಗ್ ಫ್ಯಾಲಸಿ' ಎಂದು ಹೆಸರಿಟ್ಟಿದ್ದಾರೆ. ಹಾಗಾಗಿ ಈಗ ಅರ್ಧ ಗಂಟೆ ಸಾಕು ಅನ್ನಿಸಿದ ಕಡೆ ಒಂದು ಗಂಟೆ ಎಂದು ಬರೆಯುತ್ತೇನೆ.

ಅಡುಗೆ ಹಂಚಿಕೊಂಡಿದ್ದರಿಂದ ಉಸಿರಾಡುವಂತಾಯಿತು. ಆದರೆ "ಏನಾದರೂ ತನ್ನಿ" ಎನ್ನಬೇಡಿ. ಮೊದಲ ವರ್ಷ ಹಾಗೆ ಹೇಳಿ ಮೂರು ಮನೆಯಿಂದ ಮೂರು ಸಿಹಿ ಬಂದಿತ್ತು. ಯಾರು ಏನು ತರಬೇಕು, ಎಷ್ಟು ಜನಕ್ಕೆ ಎಂದು ಮೊದಲೇ ಹೇಳಿಬಿಡಬೇಕು. ಅತ್ತೆಗೆ ಇದು ಹಿಡಿಸಲಿಲ್ಲ. "ಮನೆಗೆ ಬರೋರ ಕೈಲಿ ಅಡುಗೆ ತರಿಸ್ತೀಯಾ?" ಎಂದರು. ವಾದಕ್ಕಿಳಿಯದೆ ಹಂಚುವ ಉಸ್ತುವಾರಿಯನ್ನೇ ಅವರಿಗೆ ವಹಿಸಿದೆ. ಅವರು ಫೋನ್ ಹಿಡಿದು ಕೂತರೆ ನಾದಿನಿ ಕೂಡ ತಪ್ಪಿಸಿಕೊಳ್ಳುವಂತಿಲ್ಲ.

ಉಳಿದ ಅಡುಗೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಾತಿನ ಭರದಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡುವುದಿಲ್ಲ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತುರುಕಿದರೆ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ಅಗಲವಾದ ಸಣ್ಣ ಡಬ್ಬಿಗಳಿಗೆ ಹಾಕಿಡುತ್ತೇನೆ.

ಕಪಾಟಿನ ಬಾಗಿಲುಗಳಿಗೆ 'ಲೋಟ', 'ಸೌಟು', 'ಕಸದ ಚೀಲ' ಎಂದು ಚೀಟಿ ಅಂಟಿಸಿದ್ದು ನೋಡಿ ಭಾವ ನಕ್ಕಿದ್ದರು. ಊಟವಾದ ಮೇಲೆ ಲೋಟ ಒರೆಸಿ, ಚೀಟಿ ಓದಿ, ಸರಿಯಾದ ಜಾಗದಲ್ಲಿಟ್ಟವರೂ ಅವರೇ. "ಅದೆಲ್ಲಿದೆ, ಇದೆಲ್ಲಿದೆ" ಎಂದು ಆ ದಿನ ನನ್ನನ್ನು ಯಾರೂ ಕರೆಯಲಿಲ್ಲ.

ಉಡುಗೊರೆಯದ್ದು ಬರೀ ಗಣಿತ. ನಾವು ದೊಡ್ಡವರು 12 ಜನ. ಪ್ರತಿಯೊಬ್ಬರೂ ಉಳಿದವರಿಗೆಲ್ಲ ಕೊಟ್ಟರೆ 132 ಉಡುಗೊರೆ, ಚೀಟಿ ಎತ್ತಿ ಒಬ್ಬರಿಗೊಬ್ಬರಂತೆ ಕೊಟ್ಟರೆ ಬರೀ 12. ಮಕ್ಕಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಿದರೆ ನಮ್ಮನ್ನು ಉಳಿಸುತ್ತಿರಲಿಲ್ಲ.

ರಜೆಯಲ್ಲಿ ಒಂದು ದಿನ ಪೂರ್ತಿ ಖಾಲಿ ಬಿಡುತ್ತೇವೆ. ಎಲ್ಲಿಗೂ ಹೋಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಕಳೆದ ವರ್ಷ ಅದೇ ದಿನ ಗೆಳತಿಯೊಬ್ಬಳು ಊಟಕ್ಕೆ ಕರೆದಳು. "ಆ ದಿನ ಮನೇಲಿ ಸುಮ್ನೆ ಇರ್ತೀವಿ ಕಣೇ" ಎಂದೆ. ಹೊಟ್ಟೆನೋವೆಂದು ಸುಳ್ಳು ಹೇಳಿದ್ದರೆ ನಂಬುತ್ತಿದ್ದಳೇನೋ. ಸುಮ್ಮನಿರುವುದೂ ಒಂದು ಕಾರಣವೇ ಎಂದು ಇನ್ನೂ ಮುನಿಸಿಕೊಂಡಿದ್ದಾಳೆ.