ಬೆಟ್ಟ ಇಳಿಯುವ ಬಣ್ಣದ ಜೊತೆ

ಕೊಲರಾಡೊದ ರಾಕಿ ಪರ್ವತಗಳಿಗೆ ಫಾಲ್ ಕಲರ್, ಅಂದರೆ ಎಲೆ ಉದುರುವ ಮುನ್ನ ಮರಗಳು ತಿರುಗುವ ಬಣ್ಣ, ನೋಡಲು ಹೊರಡುವ ಗೆಳೆಯರು ಪ್ರತಿ ವರ್ಷ ಕೇಳುವುದು ಒಂದೇ ಪ್ರಶ್ನೆ: ಯಾವ ವಾರಾಂತ್ಯ ಬಂದರೆ ಬಣ್ಣ ಪೂರ್ತಿ ಸಿಗುತ್ತದೆ? ನಾನು ದಿನಾಂಕಕ್ಕಿಂತ ಎತ್ತರವನ್ನೇ ಹೆಚ್ಚು ನಂಬುತ್ತೇನೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದ ತನಕ ಯಾವಾಗ ರಜೆ ಸಿಕ್ಕಿದರೂ ಹೊರಡುತ್ತೇನೆ. ಇಡೀ ಬೆಟ್ಟಕ್ಕೆ ಒಂದೇ ದಿನ ಬಣ್ಣ ಬರುವುದಿಲ್ಲ. ಮೇಲಿನಿಂದ ಶುರುವಾಗಿ ಕಣಿವೆಯ ಕಡೆಗೆ ಇಳಿಯುತ್ತಾ ಬರುತ್ತದೆ. ಒಂದೇ ಊರಿನಲ್ಲಿ ತಂಗಿ ದಿನಕ್ಕೊಂದು ಎತ್ತರದಲ್ಲಿ ನಡೆದರೆ ಅದು ಎಲ್ಲಾದರೂ ಎದುರಾಗುತ್ತದೆ.

ಇದರ ಕಾರಣ ತಿಳಿದ ಮೇಲೆ ನನಗೆ ಹುಡುಕುವುದು ಸುಲಭವಾಯಿತು. ರಾತ್ರಿಗಳು ಉದ್ದವಾಗುತ್ತಿದ್ದಂತೆ ಮರ ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಹಸಿರು ಕರಗಿದಾಗ, ಬೇಸಿಗೆಯಿಡೀ ಎಲೆಯೊಳಗೇ ಇದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ. ಅದಕ್ಕೆ ಕಾರಣವಾದ ಆಂಥೋಸಯನಿನ್ ಬಹುಪಾಲು ಈ ಕಾಲದಲ್ಲೇ ಹೊಸದಾಗಿ ತಯಾರಾಗುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಗಾಢವಾಗಿರುತ್ತದೆ. ಇನ್ನು ಎತ್ತರದ ಮಾತು: 1,000 ಮೀಟರ್ ಮೇಲಕ್ಕೆ ಹೋದರೆ ಗಾಳಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಹಾಗಾಗಿ ಒಂದೇ ಬೆಳಗ್ಗೆ ಒಂದೇ ರಸ್ತೆಯಲ್ಲಿ, ಎಲೆ ಉದುರಿದ ಮರ, ಬಂಗಾರವಾದ ಮರ, ಇನ್ನೂ ಹಸಿರಾಗಿರುವ ಮರ ಮೂರನ್ನೂ ನೋಡಬಹುದು.

ಇದಕ್ಕೆ ನನಗೆ ಅತ್ಯಂತ ಇಷ್ಟವಾದ ದಾರಿ ಗ್ವಾನೆಲ್ಲಾ ಪಾಸ್ ಎಂಬ ಕಣಿವೆಮಾರ್ಗ. ಜಾರ್ಜ್‌ಟೌನ್‌ನಿಂದ ಹತ್ತುವ ಈ ರಸ್ತೆ ನೆತ್ತಿಯಲ್ಲಿ 3,557 ಮೀಟರ್ ಮುಟ್ಟುತ್ತದೆ. ಅಷ್ಟು ಮೇಲೆ ಮರಗಳೇ ಇಲ್ಲ, ಮೊಣಕಾಲೆತ್ತರದ ವಿಲ್ಲೋ ಪೊದೆಗಳು ಮಾತ್ರ. ಬಹಳಷ್ಟು ಜನ ಫೋಟೊ ತೆಗೆದು ಅಲ್ಲಿಂದಲೇ ಹಿಂದಿರುಗುತ್ತಾರೆ. ನಾನು ಬೆಳಿಗ್ಗೆ ಮೊದಲು ನೆತ್ತಿಗೆ ಹೋಗಿ, ಎರಡೂ ಬದಿಯ ಕಣಿವೆಗಳಲ್ಲಿ ಹಳದಿ ಪಟ್ಟಿ ಯಾವ ಎತ್ತರದಲ್ಲಿದೆ ಎಂದು ಬೈನಾಕ್ಯುಲರ್‌ನಲ್ಲಿ ನೋಡಿಕೊಳ್ಳುತ್ತೇನೆ. ಆಮೇಲೆ ಆ ಮಟ್ಟಕ್ಕೆ ಇಳಿದು, ಟ್ರೇಲ್ ಸಿಕ್ಕಲ್ಲಿ ಕಾರು ನಿಲ್ಲಿಸಿ ನಡೆಯುತ್ತೇನೆ.

ನಡೆಯಲೇಬೇಕು. ಕಾರಿನ ಕಿಟಕಿಯಿಂದ ಕಾಣುವುದು ಬಣ್ಣ ಮಾತ್ರ, ಇಲ್ಲಿನ ಬೆಟ್ಟಗಳಿಗೆ ಈ ಹಳದಿ ಕೊಡುವ ಆಸ್ಪೆನ್ ಮರ ಏನೆಂದು ತಿಳಿಯುವುದು ಅದರ ಕೆಳಗೆ ನಿಂತಾಗ. ಗಾಳಿಯೇ ಇಲ್ಲ ಅನಿಸುವ ಹೊತ್ತಿನಲ್ಲೂ ನಮ್ಮ ಅರಳಿ ಮರದಂತೆ ಅದರ ಎಲೆ ಮಿಸುಕುತ್ತಲೇ ಇರುತ್ತದೆ. ಅದರ ತೊಟ್ಟು ಚಪ್ಪಟೆ, ಎಲೆಯ ಅಗಲಕ್ಕೆ ಅಡ್ಡವಾಗಿ ತಿರುಗಿಕೊಂಡಿರುತ್ತದೆ. ಹಾಗಾಗಿ ಸಣ್ಣ ಗಾಳಿಗೂ ಪಕ್ಕದಿಂದ ಪಕ್ಕಕ್ಕೆ ಓಲಾಡುತ್ತದೆ. ಕಾಂಡದ ಮೇಲಿನ ಕಪ್ಪು ಕಣ್ಣುಗಳು ಮರ ತಾನಾಗಿ ಕಳಚಿಕೊಂಡ ಕೆಳಗಿನ ಕೊಂಬೆಗಳ ಗುರುತು. ಆ ಬಿಳಿ ತೊಗಟೆಯ ಅಡಿಯಲ್ಲೂ ಕ್ಲೋರೊಫಿಲ್ ಇದೆ, ಎಲೆಯಿಲ್ಲದ ಕಾಲದಲ್ಲೂ ಅದು ಒಂದಿಷ್ಟು ಕೆಲಸ ಮಾಡುತ್ತದೆ. ಇಷ್ಟು ಜೀವಂತವಾದ ತೊಗಟೆಯ ಮೇಲೆ ಜನ ಚಾಕುವಿನಿಂದ ಹೆಸರು ಕೆತ್ತಿರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಗಾಯದ ಮೂಲಕ ಶಿಲೀಂಧ್ರ ಒಳಗೆ ಹೋಗಿ ಮರವನ್ನೇ ಕೊಲ್ಲಬಹುದು.

ಇನ್ನೊಂದು ವಿಷಯವನ್ನು ದೂರದಿಂದ ನೋಡಬೇಕು. ಆಸ್ಪೆನ್ ಹೆಚ್ಚಾಗಿ ಬೇರಿನಿಂದಲೇ ಹೊಸ ಕಾಂಡಗಳನ್ನು ಎಬ್ಬಿಸುತ್ತದೆ. ನೂರಾರು ಮರ ಅನಿಸುವುದು ಎಷ್ಟೋ ಸಲ ಒಂದೇ ಜೀವ. ಯೂಟಾ ರಾಜ್ಯದ ಪಾಂಡೊ ಎಂಬ ಇಂಥ ಸಮೂಹ ಸುಮಾರು 43 ಹೆಕ್ಟೇರ್ ಹರಡಿದೆ. ಒಂದು ಸಮೂಹದ ಕಾಂಡಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಣ್ಣ ತಿರುಗುತ್ತವೆ. ಎದುರು ಬೆಟ್ಟದಲ್ಲಿ ಹಳದಿ ಮುಗಿದು ಹಸಿರು ಶುರುವಾಗುವ ಗೆರೆ ಕಂಡರೆ, ಬಹುಶಃ ಅಲ್ಲಿ ಒಂದು ಜೀವ ಮುಗಿದು ಇನ್ನೊಂದು ಶುರುವಾಗಿದೆ. ಮಕ್ಕಳಿಗೆ ಈ ಗೆರೆ ಹುಡುಕಲು ಹೇಳಿ ನೋಡಿ, ಗಂಟೆಗಟ್ಟಲೆ ಬೇಸರಿಸದೆ ನಡೆಯುತ್ತಾರೆ.

ನಡೆಯುವಾಗ ಸೂರ್ಯನಿಗೆ ಮುಖ ಮಾಡುವ ದಿಕ್ಕನ್ನೇ ಆರಿಸಿಕೊಳ್ಳುತ್ತೇನೆ. ಎಲೆಯ ಹಿಂದಿನಿಂದ ಬಿಸಿಲು ಬಿದ್ದಾಗ ಬಣ್ಣ ಒಳಗಿನಿಂದ ಹೊತ್ತಿದಂತಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಅದೇ ಮರ ಸಪ್ಪೆ. ಮಧ್ಯಾಹ್ನದ ಹೊತ್ತನ್ನು ಸೈಕಲ್‌ಗೆ ಬಿಡುತ್ತೇನೆ. ಸುಮಾರು 3,250 ಮೀಟರ್ ಎತ್ತರದ ವೇಲ್ ಪಾಸ್‌ನಿಂದ ಫ್ರಿಸ್ಕೊ ಊರಿನ ತನಕ ಸೈಕಲ್‌ಗೆಂದೇ ಡಾಂಬರು ದಾರಿ ಇದೆ, ಬಹುಪಾಲು ಇಳಿಜಾರು. ಒದ್ದೆ ಎಲೆ ಬಿದ್ದ ತಿರುವುಗಳಲ್ಲಿ ಮಾತ್ರ ಜಾರುತ್ತದೆ, ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ.

ಒಂದು ಸಂಜೆಯನ್ನಾದರೂ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಮೊರೇನ್ ಪಾರ್ಕ್ ಹುಲ್ಲುಗಾವಲಿಗೆ ಕೊಡಿ. ಇದು ಎಲ್ಕ್ ಎಂಬ ದೊಡ್ಡ ಜಿಂಕೆಗಳ ಬೆದೆಗಾಲ. ನಮ್ಮ ಕಡವೆಗಿಂತಲೂ ದೊಡ್ಡ ಗಂಡು ಕತ್ತು ಚಾಚಿ ಕೂಗಿದಾಗ, ಅಷ್ಟು ದೊಡ್ಡ ದೇಹದಿಂದ ಅಷ್ಟು ತೆಳುವಾದ ಸಿಳ್ಳೆ ಹೇಗೆ ಬಂತೆಂದು ನಂಬಲಾಗುವುದಿಲ್ಲ. ಕನಿಷ್ಠ 75 ಅಡಿ ದೂರ ಇರಬೇಕೆಂಬ ನಿಯಮವಿದೆ. ನಾನು ಅದರ ದುಪ್ಪಟ್ಟು ದೂರ ನಿಲ್ಲುತ್ತೇನೆ. ಉದ್ಯಾನದ ಹೊರಗಿನ ಕಾಡುಗಳಲ್ಲಿ ಇದು ಬೇಟೆಯ ಕಾಲವೂ ಹೌದು. ಅಲ್ಲಿ ನಡೆಯುವಾಗ ನಾವೆಲ್ಲರೂ ಎದ್ದು ಕಾಣುವ ಕಿತ್ತಳೆ ಬಣ್ಣದ ಜಾಕೆಟ್ ಹಾಕುತ್ತೇವೆ.

ಊರಿನಿಂದ ಬಂದ ಹಿರಿಯರನ್ನು ಕರೆದೊಯ್ಯುವಾಗ ಯೋಜನೆ ಇನ್ನೂ ನಿಧಾನವಾಗಿರಲಿ. ಅಮ್ಮ ಬಂದಾಗ, ಎತ್ತರದ ತೆಳು ಗಾಳಿಗೆ ದೇಹ ಒಗ್ಗಲೆಂದು, 1,609 ಮೀಟರ್ ಎತ್ತರದ ಡೆನ್ವರ್‌ನಲ್ಲೇ ಎರಡು ರಾತ್ರಿ ಉಳಿದು, ಆಮೇಲೆ ಮೇಲೆ ಹೋದೆವು. ಮಧ್ಯೆ ಮಧ್ಯೆ ನೀರು, ಮೊದಲ ದಿನ ಚಿಕ್ಕ ನಡಿಗೆ, ತಲೆನೋವು ಹೆಚ್ಚಾದರೆ ತಕ್ಷಣ ಇಳಿಯುವುದು. ಇದರಲ್ಲಿ ಧೈರ್ಯ ತೋರಿಸುವಂಥದ್ದೇನೂ ಇಲ್ಲ. ಬಟ್ಟೆಯೂ ಅಷ್ಟೇ, ಒಂದೇ ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ವಾಸಿ. ಹತ್ತುವಾಗ ಬೆವರು, ನಿಂತ ಕೂಡಲೇ ನಡುಕ. ಸೂರ್ಯ ಬೆಟ್ಟದ ಹಿಂದೆ ಬೇಗ ಸರಿಯುವುದರಿಂದ ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ.

ಒಂದೇ ರಾತ್ರಿಯ ಗಾಳಿ ಅಥವಾ ಬೇಗ ಬಿದ್ದ ಹಿಮ ಇಡೀ ಇಳಿಜಾರನ್ನು ಬೋಳು ಮಾಡುವುದುಂಟು. ಆಗ ರಜೆ ಹಾಳಾಯಿತೆಂದು ಹಿಂದಿರುಗಬೇಡಿ. ಇನ್ನೂ ಕೆಳಗೆ, ನದಿಗಳ ದಂಡೆಗೆ ಹೋಗಿ. ಅಲ್ಲಿ ಕಾಟನ್‌ವುಡ್ ಮರಗಳು ಹಳದಿಯಾಗುವುದು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ಮೇಲಿನ ಆಸ್ಪೆನ್‌ಗಳೆಲ್ಲ ಉದುರಿದ ಮೇಲೆ. ದಾರಿ ಸಮತಟ್ಟು, ಜನಜಂಗುಳಿ ಕಡಿಮೆ, ಮೊಣಕಾಲು ನೋವಿರುವವರೂ ಸಲೀಸಾಗಿ ನಡೆಯಬಹುದು.